ಮನಿಗೆ ದೊಡ್ಡ ವಿಮಾನ ಬರೂಕಿಂತ ಮೊದಲ

ನಮ್ಮ ಮನಿಯವ್ರಿಗೆ ಸಣ್ಣ ಥರ್ಮೋಕೋಲ್ ವಿಮಾನ ಹಾರಿಸಿ ಸಾಕಾಗೇದ. ಈಗ ರೆಕ್ಕಿ ತುದಿಯಿಂದ ತುದಿಗೆ 80 ಇಂಚಿನ ರಿಮೋಟ್ ವಿಮಾನನ ಬೇಕಂತ. ನಾ ಏನ್ ಬ್ಯಾಡ ಅನ್ನಂಗಿಲ್ರಿ. ದೊಡ್ಡದು ಗಾಳಿಗೆ ಅಷ್ಟು ಓಲಾಡಂಗಿಲ್ಲ, ದೂರ ಹೋದ್ರೂ ಮಾರಿ ಯಾವ ಕಡೆ ಅದ ಅಂತ ಕಾಣ್ತದ. ಐವತ್ತು ದಾಟಿದ ಕಣ್ಣಿಗೆ ಅದು ಬೇಕು. ಅವ್ರು ಒಪ್ಪಂಗಿಲ್ಲ, ಆ ಮಾತು ಬ್ಯಾರೆ.

ಅವರ ಕಣ್ಣು ಸ್ಪಿಟ್‌ಫೈರ್ ಮ್ಯಾಲೆ. ಮಹಾಯುದ್ಧದ ವಿಮಾನ, ಚಂದ ಅದ ಖರೆ. ಆದ್ರ ಅದರ ಗಾಲಿ ಒಂದಕ್ಕೊಂದು ಹತ್ರ, ಹುಲ್ಲಿನ್ಯಾಗ ಇಳಿಸೂ ಹೊತ್ತಿಗೆ ಮೂಗು ಊರೂದು ಜಾಸ್ತಿ. ನನ್ನ ಓಟು ಡೆಕ್ಯಾಥ್ಲಾನ್ ನಮೂನಿಗೆ. (ಹೆಸರು ಕೇಳಿ ನಮ್ಮತ್ತಿ, ‘ಆ ಬೂಟಿನ ಅಂಗಡಿದೇನ?’ ಅಂದ್ರು.) ರೆಕ್ಕಿ ಮೈಮ್ಯಾಲೆ ಇರ್ತದ, ಮೆತ್ತಗ ಇಳೀತದ, ಮನಸ್ಸು ಬಂದ್ರ ಪಲ್ಟಿನೂ ಹೊಡೀತದ. ರೆಕ್ಕಿ ಮಾತ್ರ ಎರಡು ತುಂಡಾಗಿ ಬಿಚ್ಚೂವಂಥಾದ್ದ ಬೇಕು. ಒಂದೊಂದು ತುಂಡು ಒಂದು ಮೀಟರ್, ಕಾರಿನ್ಯಾಗ ಹಿಡೀತದ. ಇಲ್ಲಾಂದ್ರ ದಿವಾನದ ಮ್ಯಾಲೆ ಅದು ಮಲಗ್ತದ, ಬಂದ ಬೀಗರು ನಿಂತ ಚಹಾ ಕುಡೀಬೇಕು.

ಬಣ್ಣಕ್ಕ, ಸ್ಟಿಕರಿಗೆ ರೊಕ್ಕ ಸುರಿಯೂ ಬದಲಿ ಸರ್ವೋ ಮೋಟರಿಗೆ, ರಿಸೀವರಿನ ಬ್ಯಾಟರಿಗೆ ಹಾಕ್ರಿ. ಅವೆರಡು ಮ್ಯಾಲೆ ಕೈಕೊಟ್ರ ಆರೇಳು ಕಿಲೋ ವಿಮಾನ ಕಲ್ಲಿನಂಗ ಬೀಳ್ತದ. ಅದಕ್ಕ ಹುಡುಗರು ಕ್ರಿಕೆಟ್ ಆಡೂ ಮೈದಾನ ಬ್ಯಾಡಂದ್ರ ಬ್ಯಾಡ. 2021ರ ಡ್ರೋನ್ ನಿಯಮದಾಗೂ 2 ಕಿಲೋ ದಾಟಿದ ಮ್ಯಾಲೆ ವರ್ಗನ ಬ್ಯಾರೆ. ಮೊದಲ ಊರ ಹೊರಗ ಜಾಗ ಹುಡುಕ್ರಿ, ಆಮ್ಯಾಲೆ ಡಬ್ಬಿ ತರಸ್ರಿ ಅಂದೇನಿ. ರವಿವಾರ ನೋಡ್ಲಿಕ್ಕೆ ಹೊಂಟಾರ.