ಚಳಿಗಾಲದಲ್ಲಿ ಬರುವ ಸೆಕೆ

ಪುಷ್ಯಮಾಸದ ಬೆಂಗಳೂರಿನ ಚಳಿ. ಮನೆಮಂದಿಯೆಲ್ಲ ಕಂಬಳಿ ಹೊದ್ದು ಮಲಗಿದ್ದಾರೆ. ನಡುರಾತ್ರಿಯಲ್ಲಿ ಗೃಹಿಣಿಯೊಬ್ಬಳು ಥಟ್ಟನೆ ಎದ್ದು ಕುಳಿತು, ಸೆರಗಿನಿಂದ ಕತ್ತಿನ ಬೆವರನ್ನೊರಸಿಕೊಂಡು ಫ್ಯಾನು ಹಾಕುತ್ತಾಳೆ. “ಈ ಚಳಿಯಲ್ಲಿ ಫ್ಯಾನೇ? ನಿನಗೇನು ಬಂದಿದೆ?” ಎಂದು ಪತಿರಾಯರು ಗೊಣಗುತ್ತಾರೆ. ಆಕೆ ಉತ್ತರ ಕೊಡದೆ ಫ್ಯಾನು ನಿಲ್ಲಿಸಿ, ಹಜಾರಕ್ಕೆ ಹೋಗಿ ಕಿಟಕಿಯ ಬಳಿ ಕೂಡುತ್ತಾಳೆ. ತನಗೇನಾಗಿದೆಯೆಂಬುದು ಆಕೆಗೂ ಸರಿಯಾಗಿ ತಿಳಿಯದು. ತಿಳಿದರೂ ಹೇಳಿಕೊಳ್ಳಲು ಸಂಕೋಚ.

ಮುಟ್ಟು ನಿಲ್ಲುವ ಕಾಲದಲ್ಲಿ ಅನೇಕ ಸ್ತ್ರೀಯರ ಪಾಡು ಇದೇ. ಈ ಕಾಲವು ಸಾಮಾನ್ಯವಾಗಿ 45ರಿಂದ 55ನೆಯ ವಯಸ್ಸಿನೊಳಗೆ ಬರುತ್ತದೆ. ಸತತವಾಗಿ 12 ತಿಂಗಳು ಮುಟ್ಟು ಕಾಣದಿದ್ದರೆ ಅದು ನಿಂತಿತೆಂದು ವೈದ್ಯರು ಎಣಿಸುತ್ತಾರೆ. ಆದರೆ ಅದಕ್ಕೂ ಮೊದಲೇ, ಮುಟ್ಟು ಏರುಪೇರಾಗುವಾಗಲೇ, ಈ ಝಳ ತಲೆದೋರಬಹುದು. ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬಿಸಿಯೇರುತ್ತದೆ, ಎದೆ ಡವಗುಟ್ಟುತ್ತದೆ, ಮೈ ಬೆವೆತು, ಕೊನೆಗೆ ಚಳಿಯೆನಿಸುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ.

ಇದಕ್ಕೆ ಕಾರಣವಿದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗವು ಮೈಯ ಶಾಖವನ್ನು ಹದದಲ್ಲಿಡುತ್ತದೆ. ಅಂಡಾಶಯಗಳು ಒದಗಿಸುತ್ತಿದ್ದ ಈಸ್ಟ್ರೊಜೆನ್ ಎಂಬ ಹಾರ್ಮೋನು ಕಡಿಮೆಯಾದಾಗ ಈ ಭಾಗವು ಅತಿ ಸೂಕ್ಷ್ಮವಾಗುತ್ತದೆ. ಶಾಖವು ಅತ್ಯಲ್ಪ ಹೆಚ್ಚಿದರೂ ಅದನ್ನು ದೊಡ್ಡ ಸೆಕೆಯೆಂದು ಬಗೆದು, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಹೀಗಿರುವಾಗ ಆಕೆಯನ್ನು ಸಿಡುಕಿಯೆನ್ನುವುದು ಅನ್ಯಾಯ. ರಾತ್ರಿ ನಾಲ್ಕು ಬಾರಿ ಎದ್ದವರಿಗೆ ಹಗಲಿನಲ್ಲಿ ತಾಳ್ಮೆ ಎಲ್ಲಿಂದ ಬರಬೇಕು?

“ನಾಲ್ಕು ದಿನ ಸಹಿಸಿಕೋ” ಎಂಬ ಉಪದೇಶವೂ ಸಾಲದು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪದೇ ಪದೇ ಝಳ ಬರುತ್ತಿದ್ದ ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೆ ಅದು 7 ವರ್ಷಗಳಿಗೂ ಮಿಕ್ಕಿ ಉಳಿದಿತ್ತು.

ಮನೆಯಲ್ಲೇ ಮಾಡಬಹುದಾದುದು ಕೆಲವುಂಟು. ಝಳ ಯಾವಾಗ ಬಂತು, ಅದಕ್ಕೆ ಮುಂಚೆ ಏನು ನಡೆಯಿತು ಎಂಬುದನ್ನು ಎರಡು ವಾರ ಬರೆದಿಡಿರಿ. ಕೆಲವರಿಗೆ ಬಿಸಿ ಕಾಫಿ, ಕೆಲವರಿಗೆ ಖಾರದ ಸಾರು, ಇನ್ನು ಕೆಲವರಿಗೆ ಒಲೆಯ ಮುಂದಿನ ಕೆಲಸ ಕಾರಣವಾಗಿ ತೋರಬಹುದು. ತೋರಿದ್ದನ್ನಷ್ಟೇ ಕಡಿಮೆ ಮಾಡಿದರೆ ಸಾಕು. ತೆಳುವಾದ ಹತ್ತಿಯ ಬಟ್ಟೆ ತೊಡುವುದು, ದಪ್ಪನೆಯ ಒಂದು ಹೊದಿಕೆಗೆ ಬದಲು ತೆಳುವಾದ ಎರಡನ್ನು ಹೊದೆಯುವುದು, ತಲೆದಿಂಬಿನ ಬಳಿ ತಣ್ಣೀರಿಡುವುದು ಇವೆಲ್ಲ ಹಿತಕರ. ಮೈತೂಕ ಹೆಚ್ಚಾಗಿದ್ದವರು ಅದನ್ನು ಇಳಿಸಿದರೆ ಝಳವೂ ತಗ್ಗುವ ಸಂಭವವಿದೆ.

ಇಷ್ಟರಿಂದ ನೆಮ್ಮದಿ ದೊರೆಯದಿದ್ದರೆ ವೈದ್ಯರನ್ನು ಕಾಣಲು ಸಂಕೋಚಪಡಬಾರದು. ಅತ್ಯಂತ ಪರಿಣಾಮಕಾರಿಯಾದ ಚಿಕಿತ್ಸೆ ಹಾರ್ಮೋನಿನದು. 2002ರಲ್ಲಿ ಅಮೆರಿಕದ ಪ್ರಯೋಗವೊಂದನ್ನು ಅರ್ಧಕ್ಕೆ ನಿಲ್ಲಿಸಿದ ಸುದ್ದಿಯಿಂದ ಇದರ ವಿಷಯದಲ್ಲಿ ಬಹಳ ಭಯ ಹರಡಿತು. ಆದರೆ 60 ವರ್ಷದೊಳಗಿನ, ಅಥವಾ ಮುಟ್ಟು ನಿಂತು 10 ವರ್ಷ ಕಳೆಯದ, ಆರೋಗ್ಯವಂತ ಸ್ತ್ರೀಯರಲ್ಲಿ ಅಪಾಯಕ್ಕಿಂತ ಪ್ರಯೋಜನವೇ ಸಾಮಾನ್ಯವಾಗಿ ಹೆಚ್ಚೆಂಬುದು ಅನಂತರದ ಪರಿಶೀಲನೆಯಿಂದ ತಿಳಿದುಬಂದಿದೆ. ಸ್ತನದ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಅಂಥವರಿಗೆ ಹಾರ್ಮೋನಿಲ್ಲದ ಔಷಧಗಳಿವೆ. ನೆರೆಮನೆಯಾಕೆಗೆ ಒಗ್ಗಿದ ಮಾತ್ರೆಯನ್ನು ಅಂಗಡಿಯಿಂದ ತರಿಸಿ ನುಂಗುವುದು ಮಾತ್ರ ಕೂಡದು.

ಎಲ್ಲ ಬೆವರಿಗೂ ಇದೇ ಕಾರಣವೆಂದು ಭಾವಿಸಬೇಡಿರಿ. ಜ್ವರ, ಕೆಮ್ಮು, ಮೈ ಇಳಿಯುವುದು ಇವುಗಳ ಜೊತೆಗೆ ರಾತ್ರಿ ಬೆವರಿದರೆ ಕ್ಷಯರೋಗದ ಪರೀಕ್ಷೆಯಾಗಬೇಕು. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಬೆವರುಂಟು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಹನಿ ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿರಿ. 40 ತುಂಬುವ ಮೊದಲೇ ಮುಟ್ಟು ನಿಂತರೂ ಹಾಗೆಯೇ.

ಕೊನೆಯದಾಗಿ ಯಜಮಾನರಿಗೊಂದು ಮಾತು. ಇನ್ನೊಮ್ಮೆ ನಡುರಾತ್ರಿ ಫ್ಯಾನು ತಿರುಗಿದಾಗ ಗೊಣಗಬೇಡಿರಿ. ಪೆಟ್ಟಿಗೆಯಲ್ಲಿರುವ ಇನ್ನೊಂದು ಕಂಬಳಿಯನ್ನು ತೆಗೆದು ನೀವೇ ಹೊದ್ದುಕೊಳ್ಳಿರಿ.