ಮರೆತುಬಿಡು ಅಂದರೆ ಮರೆಯುತ್ತದೆಯೇ?



ಕಿತ್ತಳೆ ಹಣ್ಣಿನ ಕಾಲ ಬಂತೆಂದರೆ ಪ್ರತಿವರ್ಷ ನಿಮ್ಮಲ್ಲಿ ಯಾರಾದರೊಬ್ಬರು ಕಾಗದ ಬರೆಯುತ್ತೀರಿ: "ಕಿತ್ತಳೆ ಸಿಪ್ಪೆ ಗೊಜ್ಜು ಮಾಡುವ ವಿಧಾನ ತಿಳಿಸಿ" ಎಂದು. ನಾನು ಜಾರಿಕೊಳ್ಳುತ್ತಲೇ ಬಂದೆ. ಹಾಗಲಕಾಯಿ ಗೊಜ್ಜು ಹೇಳಿದೆ, ಅನಾನಸ್ ಗೊಜ್ಜು ಹೇಳಿದೆ, ಕಿತ್ತಳೆ ಮಾತು ಮಾತ್ರ ಎತ್ತಲಿಲ್ಲ. ಯಾಕೆ ಗೊತ್ತೇ? ಐದು ವರ್ಷ ನಮ್ಮ ಮನೆಯೊಳಕ್ಕೆ ಕಿತ್ತಳೆ ಹಣ್ಣು ಬರಲಿಲ್ಲ. ಆ ಕಥೆಯನ್ನು ಇವತ್ತು ಹೇಳುತ್ತೇನೆ. ಬರೆಯಲೇ ಎಂದು ತಂಗಿಯನ್ನು ಕೇಳಿದೆ. "ಹೆಸರು ಒಂದು ಹಾಕಬೇಡ. ಮಿಕ್ಕಿದ್ದೆಲ್ಲ ಬರಿ ಅಕ್ಕ, ಯಾರಿಗಾದರೂ ಉಪಯೋಗವಾಗಲಿ" ಅಂದಳು.

ನನ್ನ ತಂಗಿಯನ್ನು ನಮ್ಮ ಊರಿಗೇ ಕೊಟ್ಟಿದೆ. ಎರಡು ಬೀದಿ ಆಚೆ ಅವಳ ಮನೆ. 2018ರ ಡಿಸೆಂಬರಿನಲ್ಲಿ ಮಂಗಳೂರಿನ ಕಡೆ ಒಂದು ಮದುವೆಗೆ ಹೋಗಿದ್ದವಳು ರಾತ್ರಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಅಜ್ಜಿ. ಇಬ್ಬರೂ ಊರು ಕೇರಿ ಮಾತಾಡಿಕೊಂಡರು. ಅಜ್ಜಿ ಕಿತ್ತಳೆ ಹಣ್ಣು ಸುಲಿದು ಅರ್ಧ ಇವಳ ಕೈಗೆ ಹಾಕಿದರು. ಅದನ್ನು ತಿನ್ನುತ್ತಿರುವಾಗಲೇ ಘಟ್ಟದ ತಿರುವಿನಲ್ಲಿ ಬಸ್ಸು ಉರುಳಿತು. ಇವಳಿಗೆ ಭುಜದ ಮೂಳೆ ಮುರಿಯಿತು, ತಲೆಗೆ ಹೊಲಿಗೆ ಬಿತ್ತು. ಅಜ್ಜಿ ಉಳಿಯಲಿಲ್ಲ.

ಮೂಳೆ ಮೂರು ತಿಂಗಳಲ್ಲಿ ಕೂಡಿಕೊಂಡಿತು. ಮನಸ್ಸು ಕೂಡಿಕೊಳ್ಳಲಿಲ್ಲ. ಕಿತ್ತಳೆ ಸಿಪ್ಪೆಯ ವಾಸನೆ ಬಂದರೆ ಸಾಕು, ಮೈಯೆಲ್ಲ ಬೆವೆತು ವಾಂತಿ ಬರುತ್ತಿತ್ತು. ನಿದ್ದೆಯಲ್ಲಿ ಕಿರುಚಿಕೊಂಡು ಏಳುತ್ತಿದ್ದಳು. ಬಸ್ಸು ಹತ್ತುವ ಮಾತೇ ಇಲ್ಲ. ಮಕ್ಕಳು ಸ್ಕೂಲಿನಿಂದ ಹತ್ತು ನಿಮಿಷ ತಡವಾಗಿ ಬಂದರೆ ಬೀದಿ ಬಾಗಿಲಲ್ಲಿ ನಿಂತು ನಡುಗುತ್ತಿದ್ದಳು. 2020ರಲ್ಲಿ ಲಾಕ್‌ಡೌನ್ ಬಂದು ಊರಿಗೆ ಊರೇ ಒದ್ದಾಡಿದಾಗ ನೆಮ್ಮದಿಯಾಗಿದ್ದವಳು ಅವಳೊಬ್ಬಳೇ. ಯಾರೂ ಎಲ್ಲಿಗೂ ಹೋಗುವ ಹಾಗಿರಲಿಲ್ಲವಲ್ಲ!

ನಾವೇನು ಮಾಡಿದೆವು? ಎಲ್ಲ ಮನೆಗಳಲ್ಲೂ ಮಾಡುವುದನ್ನೇ ಮಾಡಿದೆವು. ದೃಷ್ಟಿ ತೆಗೆದೆವು, ಹರಕೆ ಹೊತ್ತೆವು, ತಾಯತ ಕಟ್ಟಿಸಿದೆವು. ಎಲ್ಲಕ್ಕಿಂತ ಹೆಚ್ಚಾಗಿ, "ಆದದ್ದು ಆಗಿಹೋಯಿತು, ಮರೆತುಬಿಡೇ" ಎಂದೆವು. ಆ ಮಾತನ್ನು ನಾನೇ ನೂರು ಸಲ ಹೇಳಿರಬೇಕು. ಒಂದು ಸಲ ಅಮ್ಮನ ವೈದಿಕಕ್ಕೆ ತವರಿಗೆ ಹೊರಟಾಗ ಬಲವಂತ ಮಾಡಿ ಬಸ್ಸು ಹತ್ತಿಸಿದೆ. ಊರ ಗಡಿ ದಾಟುವ ಮೊದಲೇ ಉಸಿರು ಸಿಕ್ಕಿಹಾಕಿಕೊಂಡ ಹಾಗಾಗಿ ಇಳಿದುಬಿಟ್ಟಳು. ನಾಲ್ಕು ಜನರೆದುರಿಗೆ "ಇದೆಲ್ಲಾ ನಾಟಕ" ಎಂದುಬಿಟ್ಟೆ. ಅವಳು ರಸ್ತೆ ಬದಿಯಲ್ಲಿ ಕೂತು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಮರೆತುಬಿಡು ಮರೆತುಬಿಡು ಅಂತೀಯಲ್ಲ ಅಕ್ಕ, ನಾನೇನು ಬೇಕು ಅಂತ ಜ್ಞಾಪಿಸ್ಕೊಳ್ತೀನಾ? ಅದಾಗೇ ಬಂದು ನನ್ನನ್ನ ಹಿಡ್ಕೊಳ್ಳುತ್ತೆ."

ದಾರಿ ಸಿಕ್ಕಿದ್ದು 2023ರಲ್ಲಿ. ನಿದ್ದೆ ಮಾತ್ರೆ ಕೇಳೋಣವೆಂದು ತಾಲ್ಲೂಕು ಆಸ್ಪತ್ರೆಗೆ ಹೋದಾಗ ಅಲ್ಲಿಗೆ ಗೊತ್ತಾದ ದಿನ ಬರುವ ಮನೋವೈದ್ಯರು ಸಿಕ್ಕಿದರು. ಎಲ್ಲವನ್ನೂ ಸಮಾಧಾನವಾಗಿ ಕೇಳಿ, "ಇದು ಹುಚ್ಚಲ್ಲ ತಾಯಿ, ನಾಟಕವೂ ಅಲ್ಲ. ದೊಡ್ಡ ಆಘಾತ ಆದ ಮೇಲೆ ಕೆಲವರಿಗೆ ಹೀಗಾಗುತ್ತೆ. ಇದಕ್ಕೆ ಪಿ.ಟಿ.ಎಸ್.ಡಿ. ಅಂತಾರೆ. ವಾಸಿಯಾಗುತ್ತೆ" ಎಂದರು. ಬೆಂಗಳೂರಿನ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕಳಿಸಿದರು. ಬಸ್ಸು ಆಗದು, ರೈಲಿನಲ್ಲಿ ಹೋದೆವು. ಚಿಕಿತ್ಸೆಯ ಹೆಸರು ಇ.ಎಂ.ಡಿ.ಆರ್., ಅಂದರೆ ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಷನ್ ಅಂಡ್ ರೀಪ್ರೊಸೆಸಿಂಗ್. ಹೆಸರು ಕೇಳಿ ಹೆದರಬೇಡಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಣ್ಣನ್ನು ಆ ಕಡೆ ಈ ಕಡೆ ಆಡಿಸುತ್ತಾ ಕೆಟ್ಟ ನೆನಪಿನ ಹರಿತವನ್ನು ಕಡಮೆ ಮಾಡಿ, ಮನಸ್ಸು ಅದನ್ನು ಜೀರ್ಣಿಸಿಕೊಳ್ಳುವಂತೆ ಮಾಡುವುದು.

"ಕಣ್ಣು ಆಡಿಸಿದರೆ ದುಃಖ ಹೋಗುತ್ತದೆಯೇ?" ಎಂದು ನೀವು ನಗಬಹುದು. ನಾನೂ ನಕ್ಕಿದ್ದೆ. ಆಮೇಲೆ ಇದರ ಹಿನ್ನೆಲೆ ತಿಳಿದುಕೊಂಡೆ.

ಇದನ್ನು ಕಂಡುಹಿಡಿದವರು ಫ್ರಾನ್ಸಿನ್ ಶಪಿರೊ ಎಂಬ ಅಮೆರಿಕದ ಹೆಂಗಸು. ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದವರು. 1979ರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಗುಣವಾದ ಮೇಲೆ, ಮನಸ್ಸಿಗೂ ದೇಹಕ್ಕೂ ಏನು ನಂಟು ಎಂದು ತಿಳಿಯುವ ಹಂಬಲದಿಂದ ಮನಶ್ಶಾಸ್ತ್ರದ ಕಡೆ ತಿರುಗಿದರು. 1987ರಲ್ಲಿ ಒಂದು ದಿನ ಕ್ಯಾಲಿಫೋರ್ನಿಯದ ಒಂದು ಪಾರ್ಕಿನಲ್ಲಿ ಅಡ್ಡಾಡುತ್ತಿದ್ದಾಗ, ಮನಸ್ಸನ್ನು ಕೊರೆಯುತ್ತಿದ್ದ ಯೋಚನೆಗಳು ತಾವಾಗಿಯೇ ಸಡಿಲವಾದದ್ದನ್ನು ಗಮನಿಸಿದರು. ಆಗ ತಮ್ಮ ಕಣ್ಣುಗಳು ಬೇಗಬೇಗ ಆ ಕಡೆ ಈ ಕಡೆ ಓಡಾಡುತ್ತಿದ್ದವು ಎಂಬುದೂ ಗಮನಕ್ಕೆ ಬಂತು. ಗೊತ್ತಿದ್ದವರ ಮೇಲೆ ಪ್ರಯೋಗ ಮಾಡಿದರು. ಅತ್ಯಾಚಾರಕ್ಕೆ ಗುರಿಯಾದವರು, ವಿಯೆಟ್ನಾಂ ಯುದ್ಧದಿಂದ ಬಂದವರು, ಹೀಗೆ 22 ಜನರ ಮೇಲೆ ನಡೆಸಿದ ಮೊದಲ ಅಧ್ಯಯನವನ್ನು 1989ರಲ್ಲಿ ಪ್ರಕಟಿಸಿದರು. ಆಮೇಲೆ ಅನೇಕ ದೇಶಗಳಲ್ಲಿ ಪರೀಕ್ಷೆಗಳು ನಡೆದವು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಘಾತದ ಈ ಕಾಯಿಲೆಗೆ ಸಲಹೆ ಮಾಡಿದ ಚಿಕಿತ್ಸೆಗಳಲ್ಲಿ ಇದನ್ನೂ ಸೇರಿಸಿತು. ಶಪಿರೊ 2019ರಲ್ಲಿ ತೀರಿಕೊಂಡರು.

ಇದು ಹೇಗೆ ಕೆಲಸ ಮಾಡುತ್ತದೆ? ಡಾಕ್ಟರಮ್ಮ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತೇವೆ. ಉಪ್ಪು ಹಿಡಿದ ಹೋಳು ದಿನ ಕಳೆದ ಹಾಗೆ ಮೆತ್ತಗಾಗಿ ಹದಕ್ಕೆ ಬರುತ್ತದೆ. ನಮ್ಮ ಸುಖದುಃಖಗಳೂ ಹಾಗೆಯೇ ಕಾಲ ಕಳೆದಂತೆ ಹದವಾಗುತ್ತವೆ. ಆದರೆ ಭಯ ಮಿತಿಮೀರಿದಾಗ ನಡೆದದ್ದು ಉಪ್ಪು ತಾಕದ ಹೋಳಿನಂತೆ ಹಸಿಯಾಗೇ ಉಳಿದುಬಿಡುತ್ತದೆ. ಆ ವಾಸನೆ, ಆ ಶಬ್ದ, ಎದೆ ಹೊಡೆದುಕೊಂಡದ್ದು, ಎಲ್ಲ ಹಾಗ್ಹಾಗೇ ಇರುತ್ತವೆ. ಅದಕ್ಕೇ ವಾಸನೆ ತಾಕಿದೊಡನೆ, ಎಂದೋ ನಡೆದದ್ದು ಈಗ ನಡೆಯುತ್ತಿದೆ ಎನಿಸುತ್ತದೆ.

ಇನ್ನು ಕಣ್ಣಿನ ವಿಷಯ. ಸೇರಿನಲ್ಲಿ ಅಕ್ಕಿ ಅಳೆಯುತ್ತಾ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ, ಅಲ್ಲವೇ? ಮನಸ್ಸು ಒಟ್ಟಿಗೆ ಎರಡು ಕೆಲಸ ಪೂರ್ತಿಯಾಗಿ ಮಾಡಲಾರದು. ಕೆಟ್ಟ ನೆನಪನ್ನು ಎದುರಿಗೆ ಇಟ್ಟುಕೊಂಡೇ ಕಣ್ಣಿನಿಂದ ಬೆರಳನ್ನು ಹಿಂಬಾಲಿಸಿದಾಗ, ಆ ಚಿತ್ರಕ್ಕೆ ಮನಸ್ಸಿನಲ್ಲಿ ಪೂರ್ತಿ ಜಾಗ ಸಿಕ್ಕದೆ ಅದು ಮಂಕಾಗುತ್ತದೆ. ಹೀಗೆನ್ನುವುದು ಒಂದು ವಿವರಣೆ. ಗುಣ ಬರುವುದು ನೆನಪನ್ನು ಧೈರ್ಯವಾಗಿ ಎದುರಿಸಿದ್ದರಿಂದ, ಕಣ್ಣಾಡಿಸಿದ್ದರಿಂದಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಕಣ್ಣಿನ ಬದಲು ಕೈ ಮೇಲೆ ಎಡಬಲವಾಗಿ ತಟ್ಟುವುದೂ ಉಂಟು. ಪಂಡಿತರ ಜಗಳ ಪಂಡಿತರಿಗಿರಲಿ. ಗುಣವಾಗುತ್ತದೆ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ.

ಈಗ ಅಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೊದಲನೇ ದಿನ ಕಣ್ಣಿನ ಮಾತೇ ಇಲ್ಲ. ಮನೆ, ಆರೋಗ್ಯ, ಹಿಂದಿನ ಕಷ್ಟಸುಖ ಎಲ್ಲ ವಿಚಾರಿಸಿದರು. ಗಾಬರಿಯಾದಾಗ ಮನಸ್ಸನ್ನು ತಂಪು ಮಾಡಿಕೊಳ್ಳಲು ಒಂದು ನೆಮ್ಮದಿಯ ಜಾಗವನ್ನು ನೆನೆದುಕೊಳ್ಳುವ ಅಭ್ಯಾಸ ಮಾಡಿಸಿದರು. ಇವಳು ಆರಿಸಿಕೊಂಡದ್ದು ತವರಿನ ಹಿತ್ತಲ ಬಾವಿಕಟ್ಟೆ. ಆಮೇಲೆ ಕೇಳಿದರು: ಅತಿ ಕೆಟ್ಟ ಚಿತ್ರ ಯಾವುದು? ಅದನ್ನು ನೆನೆದಾಗ ನಿಮ್ಮ ಬಗ್ಗೆ ನಿಮಗೇ ಏನನ್ನಿಸುತ್ತೆ? ಮೈಯಲ್ಲಿ ಎಲ್ಲಿ ಸಂಕಟ? ಸೊನ್ನೆಯಿಂದ ಹತ್ತರವರೆಗೆ ಲೆಕ್ಕ ಇಟ್ಟರೆ ಎಷ್ಟು ಸಂಕಟ?

ಇವಳು ಒಂಬತ್ತು ಅಂದಳಂತೆ. ಮತ್ತೆ ಹೇಳಿದಳಂತೆ: "ಕಿಟಕಿ ಪಕ್ಕದ ಸೀಟು ನನ್ನದು. ಅಜ್ಜಿಗೆ ಘಟ್ಟದಲ್ಲಿ ಹೊಟ್ಟೆ ತೊಳಸುತ್ತೆ ಅಂತ ನಾನೇ ಬಿಟ್ಟುಕೊಟ್ಟೆ. ನಾನು ಕೂರಬೇಕಾದ ಜಾಗದಲ್ಲಿ ಅವರು ಸತ್ತರು. ನಾನೇ ಕೊಂದ ಹಾಗಾಯಿತು."

ಸೋದರಿಯರೆ, ಒಡಹುಟ್ಟಿದ ನನಗೆ ಐದು ವರ್ಷ ಇದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಮರೆತುಬಿಡು ಎನ್ನುವವರ ಹತ್ತಿರ ಯಾರು ತಾನೇ ಬಾಯಿ ಬಿಡುತ್ತಾರೆ?

ಆಮೇಲಿನ ಭೇಟಿಗಳಲ್ಲಿ ಡಾಕ್ಟರಮ್ಮ ಎದುರಿಗೆ ಕೂತು ಎರಡು ಬೆರಳೆತ್ತಿ ಎಡಕ್ಕೂ ಬಲಕ್ಕೂ ಆಡಿಸುವುದು, ಇವಳು ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ತಲೆ ಅಲ್ಲಾಡಿಸದೆ ಕಣ್ಣಿನಲ್ಲೇ ಬೆರಳನ್ನು ಹಿಂಬಾಲಿಸುವುದು. ಸುಮಾರು ಅರ್ಧ ನಿಮಿಷ. ನಿಲ್ಲಿಸಿ, "ಈಗೇನು ಬಂತು?" ಎಂದು ಕೇಳುವುದು. ಬಂದದ್ದನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಮತ್ತೆ ಬೆರಳು. ಹೀಗೆ ಒಂದು ಒಂದೂವರೆ ಗಂಟೆ. ಮಂಪರು ಬರಿಸುವುದಲ್ಲ, ಪೂರ್ತಿ ಎಚ್ಚರವಾಗಿರುತ್ತಾರೆ. ನಿಲ್ಲಿಸಿ ಎಂದು ಕೈಯೆತ್ತಿದರೆ ನಿಲ್ಲಿಸುತ್ತಾರೆ. ಎರಡನೇ ಸಲ ತುಂಬ ಅತ್ತಳು. ಆ ರಾತ್ರಿ ಕೆಟ್ಟ ಕನಸೂ ಬಿತ್ತು. ಹೀಗಾಗಬಹುದು ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ನಾಲ್ಕನೇ ಸಲ ಹೊರಗೆ ಬಂದವಳು ನನ್ನ ಪಕ್ಕ ಕೂತು, "ಅಕ್ಕ, ಇವತ್ತು ಅಜ್ಜಿ ಮುಖ ಕಾಣಿಸ್ತು. ಇಷ್ಟು ದಿನ ರಕ್ತ ಒಂದೇ ಕಾಣ್ತಿತ್ತು. ಇವತ್ತು ಹಣ್ಣು ಕೊಟ್ಟು ನಕ್ಕರಲ್ಲ, ಆ ಮುಖ" ಎಂದಳು.

ಒಟ್ಟು ಏಳು ಸಲ ಹೋದೆವು. ಒಂಬತ್ತು ಇದ್ದದ್ದು ಒಂದಕ್ಕೆ ಇಳಿಯಿತು. "ನಾನೇ ಕೊಂದೆ" ಎಂಬ ಕಡೆ "ನಾನು ಒಳ್ಳೇದಕ್ಕೇ ಮಾಡಿದೆ, ತಪ್ಪು ನನ್ನದಲ್ಲ" ಎಂಬುದು ನಿಂತಿತು. ನೆನಪು ಹೋಯಿತೇ? ಇಲ್ಲ. ಅಜ್ಜಿಯನ್ನು ನೆನೆದರೆ ಇವತ್ತಿಗೂ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಅದು ದುಃಖದ ನೀರು, ಭಯದ್ದಲ್ಲ. ನೆನಪು ಉಳಿಯಿತು, ಅದರ ಮುಳ್ಳು ಹೋಯಿತು.

ನಿಮಗೆ ಕೆಲವು ಕಿವಿಮಾತುಗಳು.

ಮೊಬೈಲಿನಲ್ಲಿ ವೀಡಿಯೋ ನೋಡಿಕೊಂಡು ಮನೆಯಲ್ಲೇ ಕಣ್ಣಾಡಿಸಲು ಹೋಗಬೇಡಿ. ಗಾಯ ಬಿಚ್ಚುವುದು ಸುಲಭ, ಕಟ್ಟುವುದು ಕಲಿತವರ ಕೆಲಸ. ಈ ಚಿಕಿತ್ಸೆಯಲ್ಲೇ ತರಬೇತಿ ಪಡೆದಿದ್ದೀರಾ ಎಂದು ಕೇಳಿಯೇ ಮುಂದುವರಿಯಿರಿ. ಮೂರ್ಛೆರೋಗ, ಕಣ್ಣಿನ ತೊಂದರೆ ಇದ್ದರೆ, ಬಸುರಿಯಾಗಿದ್ದರೆ ಮೊದಲೇ ತಿಳಿಸಿ.

ಒಂದೇ ಸಲ ನಡೆದ ಅಪಘಾತದಂಥದ್ದಕ್ಕೆ ಕೆಲವು ಭೇಟಿ ಸಾಕಾಗಬಹುದು. ಚಿಕ್ಕಂದಿನಿಂದ ವರ್ಷಗಟ್ಟಲೆ ಅನುಭವಿಸಿದ ನೋವಿಗೆ ಹೆಚ್ಚು ಕಾಲ ಹಿಡಿಯುತ್ತದೆ. ಎಲ್ಲರಿಗೂ ಇದೇ ಚಿಕಿತ್ಸೆ ಆಗಬೇಕೆಂದಿಲ್ಲ. ಮಾತುಕತೆಯ ಬೇರೆ ಚಿಕಿತ್ಸೆಗಳೂ ಇವೆ, ಬೇಕಾದರೆ ಮಾತ್ರೆಯೂ ಇದೆ.

ನೋವು ಇನ್ನೂ ನಡೆಯುತ್ತಲೇ ಇದ್ದರೆ, ಅಂದರೆ ಮನೆಯಲ್ಲಿ ಹೊಡೆತ ಬಡಿತ ನಿಂತಿಲ್ಲದಿದ್ದರೆ, ಮೊದಲು ಆಗಬೇಕಾದ್ದು ನಿಮ್ಮ ರಕ್ಷಣೆ. ಹೆಂಗಸರ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ನೆನಪಿನ ಚಿಕಿತ್ಸೆ ಆಮೇಲೆ.

ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು ಎಂದು ತಿಳಿಯದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರು 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇದ್ದೇ ಇವೆ. "ಹುಚ್ಚಾಸ್ಪತ್ರೆಗೆ ಹೋದಳು" ಎಂದು ನೆಂಟರು ಆಡಿಕೊಂಡರೆ ಆಡಿಕೊಳ್ಳಲಿ. ರಾತ್ರಿ ನಿಮ್ಮ ಬದಲು ಅವರೇನೂ ಎದ್ದು ಕೂರುವುದಿಲ್ಲ.

ಇನ್ನು ಮನೆಯವರಿಗೆ. "ಮರೆತುಬಿಡು" ಎನ್ನಬೇಡಿ. ನಡೆದದ್ದನ್ನು ಹೇಳೆಂದು ಕೆದಕಲೂ ಬೇಡಿ. ಹೇಳಿದಾಗ ಅಡ್ಡ ಬಾಯಿ ಹಾಕದೆ ಕೇಳಿ. ಗಾಬರಿ ಹತ್ತಿದಾಗ ಪಕ್ಕದಲ್ಲಿ ಕೂತು, ಅಂಗಾಲನ್ನು ನೆಲಕ್ಕೆ ಊರಿಸಿ, "ಇದು ನಮ್ಮ ಅಡುಗೆಮನೆ. ಇವತ್ತು ಶುಕ್ರವಾರ. ನಿನ್ನ ಎದುರಿಗೆ ಕಾಣುವ ಐದು ಸಾಮಾನಿನ ಹೆಸರು ಹೇಳು" ಎನ್ನಿ. ಮನಸ್ಸು ಅಲ್ಲಿಂದ ಇಲ್ಲಿಗೆ ಬರುತ್ತದೆ. ಇದು ಚಿಕಿತ್ಸೆಯಲ್ಲ, ಕೈಹಿಡಿದು ದಾಟಿಸುವುದು ಅಷ್ಟೇ.

ನಾನು ತಂಗಿಯ ಹತ್ತಿರ ಕ್ಷಮೆ ಕೇಳಿದೆನೇ ಎನ್ನುವಿರಾ? ರೈಲಿನಲ್ಲಿ ವಾಪಸು ಬರುವಾಗ ಕೇಳಿದೆ. "ನಾಟಕ ಅಂದೆನಲ್ಲೇ ಆವತ್ತು" ಎಂದೆ. "ಅಂದೆ. ಆದರೆ ಏಳು ಸಲವೂ ಆ ಬಾಗಿಲ ಆಚೆ ಕೂತಿದ್ದವಳೂ ನೀನೇ ಅಲ್ವಾ" ಎಂದಳು. ನನಗೆ ಅಷ್ಟು ಸಾಕಾಯಿತು.

ಈಗ ನಮ್ಮೂರಿನಿಂದ ಜಿಲ್ಲಾಕೇಂದ್ರದವರೆಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿಬರುತ್ತಾಳೆ. ಘಟ್ಟದ ರಸ್ತೆಗೆ ಇನ್ನೂ ಹೋಗಿಲ್ಲ. ಅವಸರವೇನೂ ಇಲ್ಲ.

ಕಳೆದ ಕಿತ್ತಳೆ ಕಾಲದಲ್ಲಿ ಒಂದು ಸಂಜೆ ನಮ್ಮ ಮನೆಗೆ ಬಂದವಳು ಚೀಲದಿಂದ ಅರ್ಧ ಡಜನ್ ಕಿತ್ತಳೆ ತೆಗೆದಿಟ್ಟಳು. ಮೊದಲ ಹಣ್ಣು ಸುಲಿಯುವಾಗ ಅವಳ ಕೈ ಸ್ವಲ್ಪ ನಡುಗಿತು, ನಾನು ನೋಡದ ಹಾಗೆ ಇದ್ದೆ. ಸುಲಿದು, ಅರ್ಧ ನನ್ನ ಕೈಗೆ ಹಾಕಿದಳು. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಹಾಕಿ ಕುದಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದವಳೂ ಅವಳೇ. ಬೆಲ್ಲ ಒಂದಿಷ್ಟು ಮುಂದಾಗಿತ್ತು. ಆದರೂ ನಮ್ಮವರು ಎರಡು ಸಲ ಹಾಕಿಸಿಕೊಂಡರು.

ಅಳತೆಯನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಈ ಸಲ ಜಾರಿಕೊಳ್ಳುವುದಿಲ್ಲ.

ನಿಮ್ಮ ಅಕ್ಕ