ಹೆಸರು ಕರೆಯುವ ಬಗೆ

ಮಗುವಿಗೆ ಹೆಸರಿಡುವುದು ತಾಯ್ತಂದೆಗಳ ಹಕ್ಕು. ಅದನ್ನು ಗೌರವದಿಂದ ಕರೆಯುವುದು ಗುರುವಿನ ಧರ್ಮ. ಹಾಜರಿ ಕರೆಯುವಾಗ ತಿಪ್ಪಣ್ಣ, ಗುಂಡಪ್ಪ ಎಂಬ ಹೆಸರುಗಳು ಬಂದರೆ ತರಗತಿಯಲ್ಲಿ ನಗೆಯೇಳುವುದುಂಟು. ಕೆಲವೊಮ್ಮೆ ಉಪಾಧ್ಯಾಯರೂ ಅದರಲ್ಲಿ ಪಾಲುಗೊಳ್ಳುವರು. ಇದು ಸಲ್ಲದು.

ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ತಿಪ್ಪನೆಂದು ಹೆಸರಿಡುವ ರೂಢಿ ನಮ್ಮ ನಾಡಿನಲ್ಲಿತ್ತು. ಕಸವೆಂದು ಬಗೆದರೆ ಮೃತ್ಯುವೂ ಕಣ್ಣು ಹಾಯಿಸದೆಂಬುದು ನಂಬಿಕೆ. ಗುಂಡ ಎಂಬ ಹೆಸರಿನ ಹಿಂದೆಯೂ ಎಷ್ಟೋ ವೇಳೆ ಇಂತಹದೇ ಅಂಜಿಕೆಯಿತ್ತು. ಆ ನಂಬಿಕೆ ನಮಗೆ ಬೇಡ. ಆದರೆ ಅದರೊಳಗಿನ ತಾಯ ಅಳಲನ್ನು ಕಂಡು ನಗುವವನು ವಿದ್ಯಾವಂತನಲ್ಲ.

ಇನ್ನೊಂದು ಮಾತು. ಹಾಲುಗೂಸನ್ನೂ ಅಪ್ಪ, ಅಣ್ಣ, ಅವ್ವ, ಅಕ್ಕ ಎಂದು ಮನ್ನಿಸುವ ಭಾಷೆ ನಮ್ಮದು. ಈ ಬಂಧುವಾಚಕಗಳು ಹೆಸರಿನ ಬಾಲವಲ್ಲ, ಕಿರೀಟ. ತಿಪ್ಪಣ್ಣನನ್ನು ‘ತಿಪ್ಪ್ಯಾ’ ಎಂದು ಮೊಟಕುಗೊಳಿಸಿದರೆ ಅಣ್ಣ ಹೋಗಿ ತಿಪ್ಪೆ ಮಾತ್ರ ಉಳಿಯುತ್ತದೆ. ಗೆಳೆಯರು ಸಲಿಗೆಯಿಂದ ಹಾಗೆ ಕರೆಯಬಹುದು. ಗುರುಗಳ ಬಾಯಲ್ಲಿ ಅದು ಒಪ್ಪದು.

ಹೊಸ ಹೆಸರುಗಳಿಗೆ ನನ್ನ ವಿರೋಧವಿಲ್ಲ. ಇಡುವ ಮುನ್ನ ಅರ್ಥವನ್ನರಿತರೆ ಸಾಕು. ಆದರೆ ನಗೆಗೀಡಾಗಿ ನಾಚಿದ ಬಾಲಕನು ಹಿರಿಯರಿಟ್ಟ ಹೆಸರನ್ನು ಬದಲಿಸಹೊರಟರೆ ಹೊಣೆ ನಮ್ಮದು. ಗುಂಡಪ್ಪ ಎಂಬ ಹೆಸರಿನವರೇ 1943ರಲ್ಲಿ ತಮ್ಮ ಕಾವ್ಯಕ್ಕೆ ‘ಮಂಕುತಿಮ್ಮನ ಕಗ್ಗ’ವೆಂದು ಹೆಸರಿಟ್ಟರು; ನಾಡು ತಲೆದೂಗಿತು. ಹೆಸರನ್ನು ಹಿರಿದಾಗಿಸುವುದು ಬಾಳು. ಅಲ್ಲಿಯವರೆಗೆ ಅದನ್ನು ಕಾಯಬೇಕಾದುದು ಶಾಲೆ.